ಒಂದು ಹಿಡಿ ಹುಗ್ಗಿ

ಹೋದ ತಿಂಗಳು ರಾಯಾಪುರದಲ್ಲಿ ಪರಿಚಯದವರ ಒಂದು ಮದುವೆ ಇತ್ತು. ಊಟದ ಪಂಕ್ತಿಯಲ್ಲಿ ಕುಳಿತಿದ್ದೆ. ಬಡಿಸುವವರು ಇನ್ನೂ ನಾಲ್ಕು ಎಲೆ ಆಚೆ ಇರುವಾಗಲೇ ವಾಸನೆ ಬಂತು. ಕುದ್ದ ಬೆಲ್ಲ, ಏಲಕ್ಕಿ, ತುಪ್ಪ, ಅವುಗಳ ನಡುವೆ ಬೆಂದ ಗೋದಿಯ ಹಬೆ. ಹುಗ್ಗಿ. ನಾನು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದೆ.

"ಯಾಕ್ರಿ ಸಿಸ್ಟರ್, ಶುಗರ್ ಐತೇನ್ರಿ?" ಬಡಿಸುವವರು ಕೇಳಿದರು.

"ಇಲ್ಲ."

"ಹಂಗಾರ ಕೈ ತಗೀರಿ. ಒಂದ ಹಿಡಿಯಷ್ಟು ಹಾಕ್ತೇನಿ. ಒಂದ ಹಿಡಿಗೆ ಏನಾಕ್ಕೈತಿ?"

ನಾನು ಅವರ ಮೇಲೆ ರೇಗಿದೆ. ಪಂಕ್ತಿಯೇ ತಿರುಗಿ ನೋಡುವಷ್ಟು ರೇಗಿದೆ. ಪಾಪ, ಅವರದೇನೂ ತಪ್ಪಿಲ್ಲ. ಆದರೆ ಒಂದು ಹಿಡಿಗೆ ಏನಾಗುತ್ತದೆ ಎಂದು ನನ್ನ ಮುಂದೆ ಯಾರೂ ಕೇಳಬಾರದು. ಏನಾಗುತ್ತದೆ ಎಂಬುದನ್ನು ಎರಡು ವರ್ಷದ ಹಿಂದಿನ ಶ್ರಾವಣದಲ್ಲಿ ನನ್ನ ಮನೆಯ ಪಕ್ಕದಲ್ಲೇ ನೋಡಿದ್ದೇನೆ.

ಹುಬ್ಬಳ್ಳಿಯ ಸರಕಾರಿ ದವಾಖಾನೆಯಲ್ಲಿ ಮೂವತ್ತನಾಲ್ಕು ವರ್ಷ ನರ್ಸ್ ಆಗಿದ್ದೆ, ಅದರಲ್ಲಿ ಕಡೆಯ ಹದಿನಾರು ವರ್ಷ ವಾರ್ಡ್ ಸಿಸ್ಟರ್. ನಿವೃತ್ತಿಯಾದ ಮೇಲೂ ಐದಕ್ಕೆ ಏಳುತ್ತೇನೆ, ಐದೂವರೆಗೆ ನಡೆಯಲು ಹೊರಡುತ್ತೇನೆ, ಏಳಕ್ಕೆ ನಾಷ್ಟಾ. ಓಣಿಯವರು ನನ್ನನ್ನು ನೋಡಿ ಗಡಿಯಾರ ಸರಿಮಾಡಿಕೊಳ್ಳುತ್ತೇವೆ ಎಂದು ನಗುತ್ತಾರೆ. ನಗಲಿ. ಹೊತ್ತಿಗೆ ಸರಿಯಾಗಿ ಕೊಟ್ಟ ಗುಳಿಗೆಯಿಂದ ಉಳಿದವರನ್ನೂ, ಅರ್ಧ ತಾಸು ತಡವಾದದ್ದಕ್ಕೆ ಹೋದವರನ್ನೂ ನೋಡಿದವಳು ನಾನು.

ಆ ವರ್ಷ ಜೂನ್ ಮೊದಲ ವಾರವೇ ಮಳೆ ಹಿಡಿಯಿತು. ಮದುವೆಯ ಮುಹೂರ್ತಗಳು ಮುಗಿದಿದ್ದವು. ಧಾರವಾಡದ ರಸ್ತೆಗೆ ಇರುವ ಒಂದು ಕಲ್ಯಾಣಮಂಟಪದ ಹಿಂದೆ, ಎಂಜಲೆಲೆ ಎಸೆಯುವ ಜಾಗದಲ್ಲಿ ಒಂದು ಬಿಳಿ ಕುದುರೆ ನಿಂತಿತ್ತು. ಮೊದಲ ದಿನ, ಯಾರದೋ ಇರಬೇಕು ಅಂದುಕೊಂಡು ಮುಂದೆ ಹೋದೆ. ಎರಡನೆಯ ದಿನವೂ ಅಲ್ಲೇ ಇತ್ತು. ಮೂರನೆಯ ದಿನ ಮಳೆಯಲ್ಲಿ ತೊಯ್ದು, ಒಂದು ಹೆಜ್ಜೆಯೂ ಆಚೀಚೆ ಆಗದೆ, ಅದೇ ಜಾಗದಲ್ಲಿ. ಹತ್ತಿರ ಹೋಗಿ ನೋಡಿದೆ. ಮುಂಗಾಲು ಎರಡನ್ನೂ ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂಗಾಲುಗಳ ಮೇಲೆ ಹಾಕಿ ನಿಂತಿತ್ತು. ಬಾಲಕ್ಕೆ ಹಚ್ಚಿದ ಮದರಂಗಿ ಇನ್ನೂ ಮಾಸಿರಲಿಲ್ಲ. ಕುತ್ತಿಗೆಯ ಕೂದಲಲ್ಲಿ ಮೆರವಣಿಗೆಯ ಜರಿ ಸಿಕ್ಕಿಕೊಂಡಿತ್ತು. ಪಕ್ಕೆಲುಬನ್ನು ದೂರದಿಂದಲೇ ಎಣಿಸಬಹುದಿತ್ತು.

ಮನೆಗೆ ಬಂದು ಫೋನು ಹಚ್ಚಿದೆ. ಬಿಡಾಡಿ ದನ ಹಿಡಿಯುವವರು, "ದನಾ ಆದ್ರ ನಮಗ ಬರ್ತೈತ್ರಿ, ಕುದುರಿ ಬರೂದಿಲ್ಲ" ಅಂದರು.

"ಹಂಗಾರ ಕುದುರಿ ಯಾರಿಗೆ ಬರ್ತೈತಿ?"

"ಅದು ನಮಗ ಗೊತ್ತಿಲ್ರಿ."

ಇನ್ನೊಂದು ಕಚೇರಿಯವರು, ಮೊದಲು ಮಾಲಕ ಯಾರೆಂದು ಪತ್ತೆ ಹಚ್ಚಿಕೊಂಡು ಬನ್ನಿ ಎಂದು ನನಗೇ ಹೇಳಿದರು. ಹಚ್ಚಿದೆ. ಅದೇನು ದೊಡ್ಡ ಕೆಲಸವಾಗಿರಲಿಲ್ಲ, ಕಲ್ಯಾಣಮಂಟಪದ ಕಾವಲುಗಾರನನ್ನು ಕೇಳಿದರೆ ಸಾಕಾಯಿತು. ಬ್ಯಾಂಡಿನವನು. ಮೆರವಣಿಗೆಯ ಕುದುರೆ, ಸಾರೋಟು, ದೀಪ ಎಲ್ಲ ಅವನದೇ.

"ಬಿಟ್ಟಿಲ್ರಿ ಮೇಡಂ," ಅಂದ, ಬಾಯಲ್ಲಿದ್ದ ಹಲ್ಲುಕಡ್ಡಿಯನ್ನೂ ತೆಗೆಯದೆ. "ಮೇಯಾಕ ಕಳಿಸೇವಿ. ಮಳಿ ಆಗೇತಲ್ರಿ, ಹುಲ್ಲು ಚಿಗತೈತಿ."

"ಎಂಜಲೆಲಿ ಮೇಯಾಕ ಕಳಿಸೀಯೇನು?"

"ಅದಕ್ಕ ಕಾಲಬ್ಯಾನಿ ಐತ್ರಿ. ಕುಣಿಯೂದಿಲ್ಲ. ಕುಣೀಲಾರದ ಕುದುರಿ ಯಾರು ಕರಿತಾರ ಹೇಳ್ರಿ? ನಿಮಗಷ್ಟು ಮರುಕ ಇದ್ರ ನೀವ ಒಯ್ಯರಿ."

ಏಳು ವರ್ಷ ಆ ಪ್ರಾಣಿಯನ್ನು ಡಾಂಬರಿನ ಮೇಲೆ, ಎದೆ ನಡುಗಿಸುವ ಸ್ಪೀಕರ್ ಡಬ್ಬಿಗಳ ಮುಂದೆ ಕುಣಿಸಿದವನು ಈಗ ಒಯ್ಯರಿ ಅಂದ. ಹಳೆಯ ಕುರ್ಚಿ ಕೊಟ್ಟ ಹಾಗೆ. ಕಾಗದ ಮುಂದಿಟ್ಟೆ. ಕುದುರೆಯ ಮೇಲೆ ತನಗೆ ಯಾವ ಹಕ್ಕೂ ಉಳಿದಿಲ್ಲವೆಂದು ಬರೆದು ಸಹಿ ಮಾಡು ಅಂದೆ. ಓದದೇ ಸಹಿ ಮಾಡಿದ.

ತಾರಿಹಾಳದ ಕಡೆ ಪ್ರಾಣಿಗಳಿಗೆ ಆಶ್ರಯ ನಡೆಸುವ ಕೆಲವರು ಗಾಡಿ ತಂದು ಕುದುರೆಯನ್ನು ಒಯ್ದು ಎರಡು ವಾರ ಉಪಚಾರ ಮಾಡಿದರು. ಆಮೇಲೆ ಅಲ್ಲಿಯ ಒಬ್ಬಳು ಫೋನು ಮಾಡಿದಳು.

"ಆಂಟಿ, ನಮ್ಮಲ್ಲೆ ಬರೇ ನಾಯಿಗೋಳ ಸಲುವಾಗಿ ಜಾಗಾ ಐತ್ರಿ. ಕುದುರಿ ಯಾರಾದ್ರೂ ದತ್ತು ತಗೊಂಡ್ರ ಛಲೋ ಆಕ್ಕಿತ್ತು. ನೀವು ಏನರ..."

"ಆಂಟಿ ಅನಬ್ಯಾಡ," ಅಂದೆ. "ಕಾಗದಾ ತಯಾರ ಮಾಡಿ ಇಡು. ನಾಳೆ ಹತ್ತಕ್ಕ ಬರ್ತೇನಿ."

ದತ್ತಕದ ಕಾಗದದಲ್ಲಿ ಹೆಸರಿನ ಜಾಗ ಖಾಲಿ ಇತ್ತು. ನಾನು 'ಕುದುರೆ, ಹೆಣ್ಣು, ಬಿಳಿ' ಎಂದು ಬರೆದೆ. ಹೆಸರಿಟ್ಟು ಮುದ್ದು ಮಾಡಲು ನಾನು ತಂದಿರಲಿಲ್ಲ, ಗುಣಪಡಿಸಲು ತಂದಿದ್ದೆ. ಓಣಿಯವರು ಎರಡೇ ದಿನದಲ್ಲಿ ಅದಕ್ಕೆ ಬೆಳ್ಳವ್ವ ಎಂದು ಹೆಸರಿಟ್ಟರು.

ನನ್ನ ತಮ್ಮ ಗಂಗಾಧರನದು ಅಮರಗೋಳದ ಮಾರುಕಟ್ಟೆಯಲ್ಲಿ ಕಾಳಿನ ವ್ಯಾಪಾರ. ನಮ್ಮ ಮನೆಗೆ ಹತ್ತಿಕೊಂಡು ಅವನದೊಂದು ಖಾಲಿ ಜಾಗ, ಅದರಲ್ಲಿ ಗೋಣಿಚೀಲ ಇಡುವ ತಗಡಿನ ಶೆಡ್ಡು ಇತ್ತು. ಕೇಳಿದ ಕೂಡಲೇ ಚೀಲ ತೆಗೆಸಿ, ನೆಲಕ್ಕೆ ಗೇಣು ದಪ್ಪ ಮರಳು ಹಾಕಿಸಿ ಕೊಟ್ಟ. ಒಳ್ಳೆಯವನು. ಈ ಕಥೆಯಲ್ಲಿ ಎಲ್ಲರೂ ಒಳ್ಳೆಯವರೇ. ನನ್ನ ಸಿಟ್ಟಿಗೆ ಅರ್ಧ ಕಾರಣ ಅದು.

ಧಾರವಾಡದಿಂದ ಇಮಾಮಸಾಬರನ್ನು ಕರೆಸಿದೆ. ಟಾಂಗಾ ಓಡುತ್ತಿದ್ದ ಕಾಲದಿಂದ ಕುದುರೆಗಳಿಗೆ ಲಾಳ ಕಟ್ಟಿದವರು, ಎಪ್ಪತ್ತು ದಾಟಿತ್ತು. ಮುಂಗಾಲನ್ನು ತಮ್ಮ ಎರಡು ಮೊಳಕಾಲ ನಡುವೆ ಹಿಡಿದು ಸವೆದ ಲಾಳ ಕಿತ್ತರು. ಗೊರಸನ್ನು ಹೆರೆದರು. ನನ್ನ ಕೈ ಹಿಡಿದು ಗೊರಸಿನ ಮೇಲಿನ ಕೀಲಿನ ಹಿಂದೆ ಒಂದು ಕಡೆ ಒತ್ತಿಸಿದರು.

"ಇಲ್ಲೆ ನಾಡಿ ಸಿಗತೈತಿ ನೋಡ್ರಿ ಬಾಯೀರ. ಸಣ್ಣಗ ಬಡಕೊಂಡ್ರ ಆರಾಮ ಐತಿ. ಡಬ್ ಡಬ್ ಅಂತ ಬಡಕೊಂಡ್ರ, ಗೊರಸು ಬಿಸಿ ಹತ್ತಿದ್ರ, ತಿಳಕೋರಿ."

"ಏನ ತಿಳಕೋಬೇಕು?"

"ಹೊಟ್ಟ್ಯಾಗ ಏನೋ ಹೋಗೇತಿ ಅಂತ. ಈ ಬ್ಯಾನಿ ಕಾಣೂದು ಕಾಲಾಗ, ಹುಟ್ಟೂದು ಹೊಟ್ಟ್ಯಾಗ. ಕಾಳು, ಬೆಲ್ಲ, ಸಿಹಿ ಹತ್ತಿರ ಸುಳೀಬಾರದು. ಬರೇ ಒಣಹುಲ್ಲು. ಟಾಂಗಾ ಇದ್ದಾಗ ನಂದೊಂದು ಕುದುರಿ ಹಿಂಗಽ ಹೋತ್ರಿ. ಹಬ್ಬದ ದಿನಾ. ಪ್ರೀತೀಲೆ ತಿನಿಸಿದ್ವಿ."

ನಾಡಿ ಹಿಡಿಯುವುದು ನನಗೆ ಯಾರೂ ಎರಡು ಸಲ ಹೇಳಬೇಕಾಗಿಲ್ಲ. ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ಒಂದಕ್ಕೆ, ಸಂಜೆ ಆರಕ್ಕೆ ನಾಡಿ ನೋಡಿ, ಶೆಡ್ಡಿನ ಕಂಬಕ್ಕೆ ತೂಗುಹಾಕಿದ ರಟ್ಟಿನ ಮೇಲೆ ಬರೆದೆ. ಏಳಕ್ಕೆ ಹುಲ್ಲು, ಹನ್ನೆರಡಕ್ಕೆ ಹುಲ್ಲು, ಐದಕ್ಕೆ ಹುಲ್ಲು. ಜುಲೈ ತಿಂಗಳಿಡೀ ಜಿಟಿಜಿಟಿ ಮಳೆ. ತಗಡಿನ ಮೇಲೆ ಅದರ ಸದ್ದಿಗೆ ಕಿವಿ ಒಗ್ಗಿಹೋಗಿತ್ತು. ತಿಂಗಳು ಮುಗಿಯುವ ಹೊತ್ತಿಗೆ ಕುದುರೆ ಕಾಲು ಚಾಚಿ ನಿಲ್ಲುವುದನ್ನು ಬಿಟ್ಟಿತು. ಒಂದು ಬೆಳಿಗ್ಗೆ, ಏಳಕ್ಕೆ ಇನ್ನೂ ಐದು ನಿಮಿಷ ಇರುವಾಗ, ತಾನೇ ನಡೆದುಕೊಂಡು ಗೇಟಿನವರೆಗೆ ಬಂದು ನನ್ನ ದಾರಿ ನೋಡುತ್ತ ನಿಂತಿತು. ಆ ದಿನ ನಾನು ರಟ್ಟಿನ ಮೇಲೆ ಬರೆಯಬೇಕಾಗಿಲ್ಲದ ಒಂದು ಮಾತು ಬರೆದೆ: 'ಬಂತು.'

ಶ್ರಾವಣ ಹಿಡಿಯಿತು. ಬಿಳಿ ಕುದುರೆಯೆಂದರೆ ನಮ್ಮ ಕಡೆ ಮೈಲಾರಲಿಂಗನ ವಾಹನ. ಭಂಡಾರದ ಅರಿಸಿನ ಹಿಡಿದು ಜನ ಬರಲು ಶುರುಮಾಡಿದರು. ಬಾಳೆಹಣ್ಣು, ನೆನೆಸಿದ ಕಡಲೆ, ಹೋಳಿಗೆ. ಎಲ್ಲವನ್ನೂ ಗೇಟಿನಲ್ಲೇ ಕಸಿದುಕೊಂಡೆ. ದವಾಖಾನೆಯಲ್ಲಿ ರೋಗಿಯ ದಿಂಬಿನ ಕೆಳಗೆ ಮನೆಯವರು ಬಚ್ಚಿಟ್ಟ ಉಂಡಿ, ಚಕ್ಕುಲಿ ಹುಡುಕಿ ತೆಗೆಯುತ್ತಲೇ ಕೂದಲು ಬೆಳ್ಳಗಾದವಳು ನಾನು. ಬೋರ್ಡು ಬರೆಸಿ ಹಾಕಿದೆ. ಏನೂ ತಿನ್ನಿಸಬಾರದು. ನೋಡುವ ವೇಳೆ ಸಂಜೆ ನಾಲ್ಕರಿಂದ ಐದು.

"ಕುದುರಿಗೂ ವಿಜಿಟಿಂಗ್ ಟೈಮ್ ಮಾಡ್ಯಾರಲೇ ಸಿಸ್ಟರ್," ಎಂದು ಎದುರು ಮನೆಯ ಕಸ್ತೂರೆವ್ವ ಓಣಿಗೆಲ್ಲ ಕೇಳುವಂತೆ ನಕ್ಕಳು. ಆದರೂ ಪಾಲಿಸಿದರು. ಮೂರು ವಾರ ಪಾಲಿಸಿದರು.

ಶ್ರಾವಣದ ಕಡೆಯ ಸೋಮವಾರ ಗಂಗಾಧರ ಮಾರುಕಟ್ಟೆಯಲ್ಲಿ ದಾಸೋಹ ಮಾಡುತ್ತಾನೆ. ಹಮಾಲರಿಗೆ, ಗಾಡಿಯವರಿಗೆ, ಬಂದವರಿಗೆಲ್ಲ ಊಟ. ಅಪ್ಪನ ಕಾಲದಿಂದ ನಡೆದು ಬಂದದ್ದು. ಆ ದಿನ ಬೆಳಿಗ್ಗೆ ಎಂಟಕ್ಕೆ ಅವನ ಕಾರು ಗೇಟಿನ ಮುಂದೆ ನಿಂತಿತು. ಇಳಿದವನ ಕೈಯಲ್ಲಿ ಮುಚ್ಚಳ ಹಾಕಿದ ದೊಡ್ಡ ಸ್ಟೀಲಿನ ಬಕೆಟ್ಟು.

"ಅಕ್ಕಾ, ಕೊಪ್ಪರಿಗೀಲೆ ತಗದ ಹುಗ್ಗಿ, ಮದಲನೇ ಬಕೆಟ್ಟು. ಬೆಳ್ಳವ್ವಗ."

"ಗಂಗ್ಯಾ, ಬೋರ್ಡು ಓದು."

"ಓದೇನಿ. ಅದು ಜನರ ಸಲುವಾಗಿ. ಇದು ಪ್ರಸಾದ ಐತಿ."

"ಪ್ರಸಾದದಾಗ ಬೆಲ್ಲ ಇಲ್ಲೇನು?"

"ಅಕ್ಕಾ, ದಾಸೋಹ ಅಂದ್ರ ಹಸದು ಬಂದವರಿಗೆಲ್ಲಾ. ನೀನ ಹೇಳು, ಅದು ಹಸದು ಬಂದದ್ದು ಹೌದಿಲ್ಲೋ?"

"ಈಗ ಹಸಿದಿಲ್ಲ. ಏಳಕ್ಕ ಹುಲ್ಲು ಹಾಕೇನಿ."

ಅಷ್ಟರಲ್ಲಿ ಓಣಿಯ ಆರೇಳು ಜನ ಸೇರಿದ್ದರು. ಕಸ್ತೂರೆವ್ವ ರಂಗೋಲಿ ಹಾಕುವುದನ್ನು ಬಿಟ್ಟು ಬಂದಿದ್ದಳು. ಪ್ರಸಾದವನ್ನು ಬೇಡ ಎಂದು ತಿರುಗಿ ಕಳಿಸುವುದನ್ನು ನಮ್ಮ ಮನೆಯಲ್ಲಿ ಯಾರೂ ಮಾಡಿದವರಿಲ್ಲ. ಅಪ್ಪ ಜ್ವರದಲ್ಲಿ ಮಲಗಿದ್ದಾಗಲೂ ಒಂದು ಅಗಳು ತುಟಿಗೆ ಮುಟ್ಟಿಸಿಕೊಳ್ಳುತ್ತಿದ್ದ. ಗಂಗಾಧರನ ಕಣ್ಣಲ್ಲಿ ನೀರು ಬಂದಿತ್ತು.

"ಒಂದ ಹಿಡಿ," ಅಂದೆ. "ಒಂದಽ ಹಿಡಿ. ಅದೂ ನನ್ನ ಕೈಲೆ."

ಬಕೆಟ್ಟಿಗೆ ಕೈ ಹಾಕಿ ಒಂದು ಹಿಡಿ ತೆಗೆದು ಕುದುರೆಯ ಬಾಯಿಗೆ ಹಿಡಿದೆ. ಅದು ಅಂಗೈಯನ್ನೂ ಬಿಡದೆ ನೆಕ್ಕಿತು. ಉಳಿದದ್ದನ್ನು ಓಣಿಯವರು ಹಂಚಿಕೊಳ್ಳಲಿ ಎಂದು ಬಕೆಟ್ಟನ್ನು ಶೆಡ್ಡಿನ ಕಟ್ಟೆಯ ಮೇಲೆ ಇಡಿಸಿದೆ. ಆಮೇಲೆ ತಮ್ಮನ ಕಾರಿನಲ್ಲೇ ಅಮರಗೋಳಕ್ಕೆ ಹೋದೆ. ಮಧ್ಯಾಹ್ನ ಮೂರರವರೆಗೆ ಬಡಿಸಿದೆ. ಒಂದು ಗಂಟೆಯ ನಾಡಿ ಆ ದಿನ ತಪ್ಪಿತು.

ಸಂಜೆ ನಾಲ್ಕೂವರೆಗೆ ಬಂದರೆ ಬಕೆಟ್ಟು ಖಾಲಿ. ಕುದುರೆಯ ಹಣೆಯ ಮೇಲೆ ಭಂಡಾರ. ಮೂತಿಯ ಕೂದಲೆಲ್ಲ ಬೆಲ್ಲದಿಂದ ಅಂಟಿಕೊಂಡು ಗಟ್ಟಿಯಾಗಿತ್ತು. ಮರಳಿನ ಮೇಲೆ ಬಾಳೆಹಣ್ಣಿನ ಸಿಪ್ಪೆ ಕೂಡ ಬಿದ್ದಿತ್ತು.

ಕಸ್ತೂರೆವ್ವನನ್ನು ಕರೆದು ಕೇಳಿದೆ. "ನಾ ಒಂದ ಹಿಡಿ ಅಷ್ಟರಿ," ಅಂದಳು. ಪಕ್ಕದ ಮನೆಯವರನ್ನು ಕೇಳಿದೆ. ಅವರೂ ಒಂದೇ ಹಿಡಿ. ಪ್ರಸಾದ ತೆಗೆದುಕೊಳ್ಳಲು ಬಟ್ಟಲು ಹಿಡಿದು ಬಂದವರೆಲ್ಲ ಮೊದಲು ಬೆಳ್ಳವ್ವನಿಗೆ ಒಂದು ಹಿಡಿ, ಆಮೇಲೆ ತಮ್ಮ ಬಟ್ಟಲಿಗೆ. ದೇವರಿಗೆ ಮುಟ್ಟಿಸದೆ ತಾವು ಹೇಗೆ ತಿನ್ನುತ್ತಾರೆ? ಓಣಿಯಲ್ಲಿ ಇಪ್ಪತ್ತೊಂದು ಮನೆ. ಒಬ್ಬರೂ ನನಗೆ ಸುಳ್ಳು ಹೇಳಲಿಲ್ಲ. ಯಾರೂ ಎರಡನೆಯ ಹಿಡಿ ಹಾಕಿರಲಿಲ್ಲ.

ಆರಕ್ಕೆ ನಾಡಿ ನೋಡಿದೆ. ಸಣ್ಣಗೆ, ಸರಿಯಾಗಿತ್ತು. 'ಸರಿ' ಎಂದು ಬರೆದೆ. ಅದೇ ಹೊತ್ತಿಗೆ ಪಶುವೈದ್ಯರಿಗೆ ಫೋನು ಮಾಡಬೇಕಿತ್ತು. ಮಾಡಲಿಲ್ಲ. ರಟ್ಟಿನ ಮೇಲೆ 'ಸರಿ' ಎಂದು ನನ್ನ ಅಕ್ಷರದಲ್ಲೇ ಇತ್ತಲ್ಲ, ಅದನ್ನು ನಂಬಿದೆ.

ಮಂಗಳವಾರ ಸಂಜೆ ಬೆರಳಿನ ಕೆಳಗೆ ನಾಡಿ ಡಬ್ ಡಬ್ ಎಂದು ಬಡಿಯಿತು. ಬುಧವಾರ ಬೆಳಿಗ್ಗೆ ಕುದುರೆ ಏಳಲಿಲ್ಲ. ಗೊರಸು ಹಂಚಿನ ಹಾಗೆ ಸುಡುತ್ತಿತ್ತು. ಪಶುವೈದ್ಯೆ ಬಂದರು, ಹೊಟ್ಟೆಗೆ ಔಷಧ, ನೋವಿಗೆ ಇಂಜೆಕ್ಷನ್ನು, ಕಾಲಿಗೆ ಮಂಜುಗಡ್ಡೆ. ಗಂಗಾಧರ ದಿನವೂ ಮುಂಜಾನೆ ಮಂಜುಗಡ್ಡೆಯ ದೊಡ್ಡ ತುಂಡು ತಂದು, ತಾನೇ ಒಡೆದು, ಗೋಣಿಯಲ್ಲಿ ಸುತ್ತಿ ಕಾಲಿಗೆ ಕಟ್ಟುತ್ತಿದ್ದ. ನಾನು ಅವನೊಂದಿಗೆ ಮಾತಾಡಲಿಲ್ಲ. ಇಮಾಮಸಾಬರು ಎರಡು ಸಲ ಬಂದರು. ಎರಡನೆಯ ಸಲ ಗೊರಸಿನ ತಳವನ್ನು ಬೆರಳಿಂದ ಒತ್ತಿ ನೋಡಿ, ಕಾಲನ್ನು ಮೆಲ್ಲಗೆ ಮರಳಿನ ಮೇಲೆ ಇಟ್ಟರು. ತಮ್ಮ ಕುದುರೆಯ ಹಬ್ಬದ ಮಾತನ್ನು ತೆಗೆಯಲಿಲ್ಲ. ಅದಕ್ಕೆ ನಾನು ಅವರಿಗೆ ಋಣಿ.

ಹನ್ನೆರಡನೆಯ ದಿನ ಗೊರಸಿನೊಳಗಿನ ಎಲುಬು ತಳವನ್ನು ತೂರಿಕೊಂಡು ಹೊರಗೆ ಬಂತು. "ಇನ್ನ ಇದನ್ನ ಇಟ್ಕೊಳ್ಳೂದು ನಮ್ಮ ಸಲುವಾಗಿ ಆಕ್ಕೈತ್ರಿ ಸಿಸ್ಟರ್, ಅದರ ಸಲುವಾಗಿ ಅಲ್ಲ," ಎಂದು ಪಶುವೈದ್ಯೆ ಹೇಳಿದರು. ನನಗೂ ಗೊತ್ತಿತ್ತು. ಅದೇ ಬೆಳಿಗ್ಗೆ ಹತ್ತಕ್ಕೆ ಕಡೆಯ ಇಂಜೆಕ್ಷನ್ನು ಎಂದು ಗೊತ್ತುಮಾಡಿದೆವು.

ದವಾಖಾನೆಯಲ್ಲಿ ಇಂಥ ಹೊತ್ತಿನಲ್ಲಿ ಮನೆಯವರನ್ನು ಹೊರಗೆ ಕಳಿಸುತ್ತಿದ್ದೆ. ಗಂಗಾಧರ ಹೊರಗೆ ಹೋಗಲು ಎದ್ದ.

"ಎಲ್ಲಿ ಹೊಂಟಿ?" ಹನ್ನೆರಡು ದಿನಕ್ಕೆ ನಾನು ಅವನೊಂದಿಗೆ ಆಡಿದ ಮೊದಲ ಮಾತು. "ತಲಿ ನೀ ಹಿಡಿ."

ಹಿಡಿದ. ಅವನ ಬಿಳಿ ಅಂಗಿಯ ಮೇಲೆ ತಲೆಯಿಟ್ಟುಕೊಂಡೇ ಅದು ಹೋಯಿತು. ಸ್ವಲ್ಪವೂ ಒದ್ದಾಡಲಿಲ್ಲ. ಎರಡು ತಿಂಗಳಲ್ಲಿ ಯಾರನ್ನೂ ಕಚ್ಚದ, ಒದೆಯದ ಪ್ರಾಣಿ ಅದು.

ಅದೇ ಖಾಲಿ ಜಾಗದಲ್ಲಿ ಹೂಳುವ ಹೊತ್ತಿಗೆ ಓಣಿ ಓಣಿಯೇ ಬಂತು. ಹೂವಿನ ಹಾರ, ಭಂಡಾರ, ತೆಂಗಿನಕಾಯಿ. ಒಬ್ಬರು ಅಲ್ಲಿ ಒಂದು ಕಟ್ಟೆ ಕಟ್ಟೋಣ ಅಂದರು. ಇನ್ನೊಬ್ಬರು ಶ್ರಾವಣದಲ್ಲಿ ಹೋಗಿದ್ದು ಪುಣ್ಯ ಅಂದರು. ಶ್ರಾವಣ ಮುಗಿದು ವಾರ ದಾಟಿತ್ತು, ಆ ಲೆಕ್ಕವೂ ಅವರಿಗೆ ಬೇಡವಾಗಿತ್ತು. "ಕಾಯಿ ಒಡಿಯೂದಿದ್ರ ನಿಮ್ಮ ನಿಮ್ಮ ಮನಿ ಮುಂದ ಒಡೀರಿ," ಎಂದು ಗೇಟು ಹಾಕಿದೆ.

ಮರುದಿನ ಬೆಳಿಗ್ಗೆ ಆರಕ್ಕೆ ಹೊರಟೆ. ವಾರ್ಡಿನ ರೌಂಡು ಹೋದ ಹಾಗೆ, ಮನೆಯಿಂದ ಮನೆಗೆ. ಪ್ರತಿ ಬಾಗಿಲಲ್ಲೂ ಒಂದೇ ಮಾತು: ಕುದುರೆ ಸತ್ತದ್ದು ರೋಗದಿಂದಲ್ಲ, ಹುಗ್ಗಿಯಿಂದ; ಅದರಲ್ಲಿ ಒಂದು ಹಿಡಿ ನಿಮ್ಮದು. ಕಸ್ತೂರೆವ್ವ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಒಬ್ಬರು ನಾನು ಮಾತು ಮುಗಿಸುವ ಮೊದಲೇ ಬಾಗಿಲು ಹಾಕಿಕೊಂಡರು. ಮೂಲೆ ಮನೆಯ ನಿವೃತ್ತ ಮಾಸ್ತರು ವಾದಕ್ಕೆ ನಿಂತರು.

"ಪ್ರಸಾದ ತಿಂದು ಯಾರರ ಸಾಯ್ತಾರೇನ್ರಿ ಸಿಸ್ಟರ್?"

"ಸತ್ತೈತ್ರಿ ಸರ್. ನಿನ್ನೆ ಹತ್ತಕ್ಕ."

"ನಾ ಹಾಕಿದ್ದು ಬರೇ..."

"ಒಂದ ಹಿಡಿ. ಗೊತ್ತೈತಿ. ಅದನ್ನಽ ಹೇಳಾಕ ಬಂದೇನಿ."

ಇಪ್ಪತ್ತೊಂದು ಮನೆ ಮುಗಿಯುವಾಗ ಎಂಟೂವರೆ. ಅಲ್ಲಿಂದ ಅಮರಗೋಳದ ಬಸ್ಸು ಹಿಡಿದೆ. ಗಂಗಾಧರ ಅಂಗಡಿಯ ಗಾದಿಯ ಮೇಲೆ ಸುಮ್ಮನೆ ಕುಳಿತಿದ್ದ. ಅಂಗಳದಲ್ಲಿ ಹೆಸರುಕಾಳು ತೂಗದೆ ರಾಶಿ ಬಿದ್ದಿತ್ತು.

"ಎಲ್ಲಾರ ಮನಿಗೂ ಹೋಗಿ ಹೇಳಿ ಬಂದೇನಿ," ಅಂದೆ. "ನೀನೊಬ್ಬಾಂವ ಉಳದಿದ್ದಿ. ಕುದುರಿ ಕೊಂದಿದ್ದು ನಿನ್ನ ಹುಗ್ಗಿ."

"ಹೌದಕ್ಕಾ," ಅಂದ. "ನನ್ನ ಹುಗ್ಗಿ."

ಅವನು ವಾದಿಸಿದ್ದರೆ ಚೆನ್ನಾಗಿತ್ತು. ಇನ್ನಷ್ಟು ಮಾತು ನನ್ನಲ್ಲಿ ತಯಾರಿದ್ದವು. ಅವನು ತಲೆಯೆತ್ತಿದ.

"ಎಲ್ಲಾರಿಗೂ ಎಲ್ಲಾ ಹೇಳಿದಿ?"

"ಹೇಳೇನಿ."

"ಮದಲನೇ ಹಿಡಿ ಯಾರ್ದು ಅಂತ ಹೇಳಿದಿ?"

ಕುಹಕದಿಂದ ಕೇಳಿದ ಮಾತಲ್ಲ ಅದು. ನಿಜವಾಗಿ ತಿಳಿಯಬೇಕೆಂದು ಕೇಳಿದ. ನಾನು ಅಲ್ಲಿಂದಲೇ ತಿರುಗಿ ಬಸ್ಸು ಹಿಡಿದೆ. ಅವನ ಮೇಲೆ ಎಂಥ ಸಿಟ್ಟು ಬಂದಿತ್ತೆಂದರೆ, ಆ ಪ್ರಶ್ನೆಗಾಗಿ ಅವನನ್ನು ಜನ್ಮದಲ್ಲಿ ಕ್ಷಮಿಸಬಾರದು ಅನ್ನಿಸಿತು. ಮೂವತ್ತನಾಲ್ಕು ವರ್ಷದಲ್ಲಿ ಯಾವ ರೋಗಿಯ ಕೇಸ್ ಪೇಪರಿನಲ್ಲೂ ನಾನು ಒಂದು ಸಾಲು ಬಿಟ್ಟಿರಲಿಲ್ಲ. ಔಷಧ ತಪ್ಪಾದಾಗ ತಪ್ಪಾಯಿತೆಂದೇ ಬರೆದು ಕೆಳಗೆ ಸಹಿ ಮಾಡಿದ್ದೇನೆ. ಈಗ ಇಪ್ಪತ್ತೊಂದು ಬಾಗಿಲಲ್ಲಿ ನಿಂತು, ಇಪ್ಪತ್ತೊಂದು ಸಲ, ಅದೇ ಒಂದು ಸಾಲು ಬಿಟ್ಟು ಓದಿ ಬಂದಿದ್ದೆ.

ಮರುದಿನ ಬೆಳಿಗ್ಗೆ ಆರಕ್ಕೆ ಮತ್ತೆ ಹೊರಟೆ. ಮೊದಲ ಮನೆಯಿಂದಲೇ.

ಕಸ್ತೂರೆವ್ವ ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕುಳಿತು ರಂಗೋಲಿಯ ಚುಕ್ಕೆ ಇಡುತ್ತಿದ್ದಳು. ನನ್ನನ್ನು ಕಂಡು ಮುಖ ಕೆಳಗೆ ಹಾಕಿದಳು.

"ನಿನ್ನೆ ಒಂದು ಮಾತು ಹೇಳೂದು ಬಿಟ್ಟಿದ್ದೆ," ಅಂದೆ. "ಮದಲನೇ ಹಿಡಿ ನಂದು."

ಅವಳು ಇನ್ನೊಂದು ಚುಕ್ಕೆ ಇಟ್ಟಳು.

"ಗೊತ್ತೈತ್ರಿ ಸಿಸ್ಟರ್," ಅಂದಳು. "ನೀವು ಹಾಕೂದು ನೋಡೇ ನಾನೂ ಹಾಕಿದ್ದು."

ಇನ್ನೂ ಇಪ್ಪತ್ತು ಮನೆಗಳಿದ್ದವು.